ಗೇಮ್‌ಬಾಯ್ ಮಾಡಿದ ಗುನ್ಪೇ ಯೊಕೊಯಿ: ಮೊದಲು ಕಂಡುಹಿಡಿದದ್ದು ಯಾರು, ಜನರ ಕೈಗೆ ತಲುಪಿಸಿದ್ದು ಯಾರು?

ವಿಡಿಯೊ ಗೇಮ್‌ಗಳ ಬಗ್ಗೆ ಗ್ರೂಪ್‌ಗಳಲ್ಲಿ ಓಡಾಡುವ ಫಾರ್ವರ್ಡ್‌ಗಳಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಹಾವಿನ ಆಟ ಹುಟ್ಟಿದ್ದು ನೋಕಿಯಾ ಫೋನಿನಲ್ಲಿ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವನ್ನು ಜಗತ್ತಿನಲ್ಲೇ ಮೊದಲು ಮಾಡಿದ್ದು ನಿಂಟೆಂಡೊ. ಅದನ್ನು ಮಾಡಿದ ಎಂಜಿನಿಯರ್ ಒಂದೇ ಒಂದು ಸೋಲಿನಿಂದ ಕೆಲಸ ಕಳೆದುಕೊಂಡು ಬೀದಿಪಾಲಾದ, ಕೊನೆಗೆ ನಿಗೂಢವಾಗಿ ಸತ್ತ.

ಮೊದಲನೆಯದಕ್ಕೆ ಉತ್ತರ ಸುಲಭ. ನೋಕಿಯಾದ ಹಾವು ಬಂದದ್ದು 1997ರಲ್ಲಿ, 6110 ಎಂಬ ಫೋನಿನೊಂದಿಗೆ. ಉದ್ದವಾಗುತ್ತಾ ಹೋಗುವ ಗೆರೆಯೊಂದು ಎಲ್ಲೂ ಡಿಕ್ಕಿ ಹೊಡೆಯದಂತೆ ನಡೆಸುವ ಆಟವನ್ನು ಅಮೆರಿಕದ ಗ್ರೆಮ್ಲಿನ್ ಎಂಬ ಕಂಪನಿ 1976ರಲ್ಲೇ ಬ್ಲಾಕೇಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತ್ತು. ನೋಕಿಯಾ ಅದನ್ನು ಕೋಟ್ಯಂತರ ಜೇಬುಗಳಿಗೆ ತಲುಪಿಸಿತು, ಅಷ್ಟೇ.

ಉಳಿದ ಎರಡು ಮಾತುಗಳು ಒಬ್ಬನೇ ಮನುಷ್ಯನ ಸುತ್ತ ಇವೆ. ಅವರ ಹೆಸರು ಗುನ್ಪೇ ಯೊಕೊಯಿ. ಅವರ ಬದುಕನ್ನು ನೋಡಿದರೆ, ಯಾವುದನ್ನು ಯಾವ ಕಂಪನಿ ಮೊದಲು ಮಾಡಿತು ಎಂಬ ಜಗಳಕ್ಕೆ ಒಂದೇ ಸಾಲಿನ ಉತ್ತರ ಯಾಕೆ ಸಿಗುವುದಿಲ್ಲ ಎನ್ನುವುದೂ ತಿಳಿಯುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಇಸ್ಪೀಟು ಕಾರ್ಖಾನೆಯ ರಿಪೇರಿ ಹುಡುಗ

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೊ ನಗರದಲ್ಲಿ. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ, 1965ರಲ್ಲಿ ಅದೇ ಊರಿನ ನಿಂಟೆಂಡೊ ಕಂಪನಿಗೆ ಸೇರಿದರು.

ಆಗಿನ ನಿಂಟೆಂಡೊಗೂ ವಿಡಿಯೊ ಗೇಮ್‌ಗೂ ಸಂಬಂಧವೇ ಇರಲಿಲ್ಲ. 1889ರಲ್ಲಿ ಆರಂಭವಾದ ಆ ಕಂಪನಿ ಹನಾಫುದಾ ಎಂಬ ಹೂವಿನ ಚಿತ್ರಗಳ ಜಪಾನಿ ಇಸ್ಪೀಟು ಎಲೆಗಳನ್ನು ಮಾಡುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಟ್ಟು ನಿಲ್ಲದಂತೆ ನೋಡಿಕೊಳ್ಳುವುದೇ ಯೊಕೊಯಿ ಅವರ ಕೆಲಸ.

ಯಂತ್ರ ಸರಿಯಾಗಿ ಓಡುತ್ತಿದ್ದರೆ ರಿಪೇರಿಯವನಿಗೆ ಬಿಡುವು ತಾನೇ? ಆ ಬಿಡುವಿನಲ್ಲಿ ಅವರು ತಮ್ಮ ಖುಷಿಗಾಗಿ ಒಂದು ಆಟಿಕೆ ಮಾಡಿಕೊಂಡರು. ಕತ್ತರಿಯಂತೆ ಒಂದಕ್ಕೊಂದು ಹೆಣೆದ ಪಟ್ಟಿಗಳು. ಹಿಡಿಯನ್ನು ಒತ್ತಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತದೆ, ಬಿಟ್ಟರೆ ಮಡಚಿಕೊಳ್ಳುತ್ತದೆ. ಕಾರ್ಖಾನೆಗೆ ಬಂದ ಅಧ್ಯಕ್ಷ ಹಿರೋಶಿ ಯಮಾವುಚಿ ಕಣ್ಣಿಗೆ ಅದು ಬಿತ್ತು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಬೀಳಲಿಲ್ಲ. ಅದನ್ನೇ ಮಾರುವ ಸರಕಾಗಿ ಮಾಡುವಂತೆ ಆದೇಶ ಬಂತು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿಪೇರಿ ವಿಭಾಗದಿಂದ ಯೊಕೊಯಿ ಆಟಿಕೆ ರೂಪಿಸುವ ವಿಭಾಗಕ್ಕೆ ಬಂದರು.

ಮಡಚುವ ಪಟ್ಟಿಗಳ ಆ ಹೆಣಿಗೆ ಯೊಕೊಯಿ ಅವರ ಆವಿಷ್ಕಾರವೇನಲ್ಲ. ಅಂಗಡಿಗಳ ಮಡಚು ಗೇಟುಗಳಲ್ಲಿ ನಾವೆಲ್ಲ ನೋಡಿರುವ ತಂತ್ರವೇ ಅದು. ಅದನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಟ್ಟದ್ದು ಅವರ ಹೊಸತು. ಅವರ ಮುಂದಿನ ಮೂವತ್ತು ವರ್ಷಗಳ ಕೆಲಸವೆಲ್ಲ ಇದೇ ಜಾಡಿನಲ್ಲಿದೆ.

ಪ್ರೀತಿ ಅಳೆಯುವ ಯಂತ್ರ ನಿಜವಾಗಿ ಅಳೆಯುತ್ತಿದ್ದದ್ದೇನು?

1969ರಲ್ಲಿ ಯೊಕೊಯಿ ಲವ್ ಟೆಸ್ಟರ್ ಎಂಬ ಆಟಿಕೆ ಮಾಡಿದರು. ಹುಡುಗ ಹುಡುಗಿ ಇಬ್ಬರೂ ಪರಸ್ಪರ ಕೈ ಹಿಡಿದು, ಇನ್ನೊಂದು ಕೈಯಲ್ಲಿ ತಲಾ ಒಂದು ಲೋಹದ ಗುಂಡನ್ನು ಹಿಡಿಯಬೇಕು. ಮುಳ್ಳು ಎಷ್ಟು ಮೇಲೇರಿತೋ ಅಷ್ಟು ಪ್ರೀತಿ!

ಇದರ ಹಿಂದೆ ಇರುವುದು ಶಾಲೆಯ ವಿಜ್ಞಾನ. ಇಬ್ಬರು ಕೈ ಹಿಡಿದಾಗ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಅಪಾಯವಿಲ್ಲದಷ್ಟು ಅತಿ ಸಣ್ಣ ವಿದ್ಯುತ್ ಇಬ್ಬರ ದೇಹದ ಮೂಲಕ ಹರಿಯುತ್ತದೆ. ಅಂಗೈ ಒಣಗಿದ್ದರೆ ವಿದ್ಯುತ್ ಕಡಿಮೆ ಹರಿಯುತ್ತದೆ, ಬೆವರಿದ್ದರೆ ಹೆಚ್ಚು ಹರಿಯುತ್ತದೆ, ಏಕೆಂದರೆ ಬೆವರಿನಲ್ಲಿ ಉಪ್ಪಿನಂಶ ಇದೆ. ಯಂತ್ರ ಅಳೆಯುತ್ತಿದ್ದದ್ದು ಬೆವರನ್ನು, ಪ್ರೀತಿಯನ್ನಲ್ಲ. ಮಾರ್ಕು ಹೆಚ್ಚಿಸಬೇಕೆಂದರೆ ಕೈ ಒದ್ದೆ ಮಾಡಿಕೊಂಡರೆ ಸಾಕಿತ್ತು. ಇಂದು ಫೋನಿನಲ್ಲಿ ಬೆರಳಿಟ್ಟು ಪ್ರೀತಿ ಅಳೆಯುವ ಆ್ಯಪ್‌ಗಳು ಬಂದಿವೆ. ಅವುಗಳಲ್ಲಿ ಬೆವರನ್ನು ಅಳೆಯುವ ಸೆನ್ಸರ್ ಕೂಡ ಇರುವುದಿಲ್ಲ.

ಇಂಥದೇ ಇನ್ನೊಂದು ಉದಾಹರಣೆ 1972ರ ಲೆಫ್ಟಿ ಆರ್‌ಎಕ್ಸ್. ರಿಮೋಟ್ ಕಾರುಗಳು ಆಗ ಬಹಳ ದುಬಾರಿ. ಬೆಲೆ ಇಳಿಸಲು ಯೊಕೊಯಿ ಎಡಕ್ಕೆ ಮಾತ್ರ ತಿರುಗುವ ಕಾರು ಮಾಡಿದರು! ವೃತ್ತಾಕಾರದ ರೇಸಿಗೆ ಅಷ್ಟೇ ತಾನೇ ಬೇಕಿರುವುದು?

ಬೆಳಕಿನ ಬಂದೂಕು ಯಾರದು?

1970ರಲ್ಲಿ ನಿಂಟೆಂಡೊ ಬೆಳಕಿನ ಬಂದೂಕಿನ ಆಟಿಕೆ ತಂದಿತು. ಇದಕ್ಕೆ ಬೇಕಾದ ಸೌರಕೋಶಗಳು ಶಾರ್ಪ್ ಕಂಪನಿಯವು. ಶಾರ್ಪ್‌ನಲ್ಲಿದ್ದ ಮಸಾಯುಕಿ ಉಎಮುರಾ ಈ ಸಂಪರ್ಕದಿಂದಲೇ ನಿಂಟೆಂಡೊಗೆ ಬಂದರು. ಮುಂದೆ ಫ್ಯಾಮಿಕಾಮ್ ಎಂಬ ಪ್ರಸಿದ್ಧ ಟಿವಿ ಗೇಮ್ ಯಂತ್ರವನ್ನು ರೂಪಿಸಿದವರು ಅವರೇ. ಆಟಿಕೆ ಕೆಲಸ ಮಾಡುತ್ತಿದ್ದದ್ದು ಹೀಗೆ: ಟ್ರಿಗರ್ ಒತ್ತಿದರೆ ಬಂದೂಕಿನಿಂದ ಬೆಳಕು ಹೊರಡುತ್ತದೆ. ಅದು ಗುರಿಯಲ್ಲಿರುವ ಸೌರಕೋಶದ ಮೇಲೆ ಬಿದ್ದರೆ ವಿದ್ಯುತ್ ಹುಟ್ಟಿ ಗುರಿ ಅಲುಗಾಡುತ್ತದೆ.

ಹಾಗಾದರೆ ಇದು ನಿಂಟೆಂಡೊ ಆವಿಷ್ಕಾರವೇ? ಅಲ್ಲ. ಅಮೆರಿಕದ ಸೀಬರ್ಗ್ ಕಂಪನಿ 1936ರಲ್ಲೇ ಬೆಳಕಿನ ಬಂದೂಕಿನಿಂದ ಬಾತುಕೋಳಿಗೆ ಗುರಿಯಿಡುವ ಯಂತ್ರ ಮಾಡಿತ್ತು. ಟಿವಿಗೆ ಗುರಿಯಿಡುವ ಬಂದೂಕನ್ನು ರಾಲ್ಫ್ ಬೇರ್ ಎಂಬ ಎಂಜಿನಿಯರ್ 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾಂಡರ್ಸ್ ಅಸೋಸಿಯೇಟ್ಸ್‌ನಲ್ಲಿ ತಯಾರಿಸಿದ್ದರು. ಬೇರ್ ಕೆಲಸದಿಂದಲೇ 1972ರಲ್ಲಿ ಮ್ಯಾಗ್ನಾವಾಕ್ಸ್ ಒಡಿಸ್ಸಿ ಬಂತು. ಮನೆಯ ಟಿವಿಗೆ ಜೋಡಿಸಿ ಆಡುವ, ಅಂಗಡಿಯಲ್ಲಿ ಸಿಕ್ಕ ಮೊದಲ ಗೇಮ್ ಯಂತ್ರ ಅದೇ. ಅದರ ಜೊತೆ ಮಾರುತ್ತಿದ್ದ ಬಂದೂಕನ್ನು ತಯಾರಿಸಿಕೊಟ್ಟದ್ದು ನಿಂಟೆಂಡೊ!

ಟಿವಿ ಬಂದೂಕಿನಲ್ಲಿ ತಂತ್ರ ತಿರುಗುಮುರುಗು. ಬಂದೂಕು ಬೆಳಕನ್ನು ಬಿಡುವುದಿಲ್ಲ, ಟಿವಿಯಿಂದ ಬರುವ ಬೆಳಕನ್ನು ಗ್ರಹಿಸುತ್ತದೆ. 90ರ ದಶಕದಲ್ಲಿ ನಮ್ಮ ಮನೆಗಳಿಗೂ ಬಂದಿದ್ದ ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಒತ್ತಿದಾಗ ತೆರೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು. ಬಂದೂಕಿಗೆ ಆ ಬಿಳುಪು ಕಂಡರೆ ಗುರಿ ಮುಟ್ಟಿದಂತೆ. ಹಳೆಯ ಡಬ್ಬಾ ಟಿವಿಯ ವೇಗಕ್ಕೆ ಹೊಂದಿಸಿ ಮಾಡಿದ್ದರಿಂದ ಆ ಬಂದೂಕು ಇಂದಿನ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ.

ರೈಲಿನಲ್ಲಿ ಕಂಡ ಕ್ಯಾಲ್ಕುಲೇಟರ್

1970ರ ದಶಕದ ಕೊನೆ. ಯೊಕೊಯಿ ಹೇಳಿಕೊಂಡಿರುವ ಪ್ರಕಾರ, ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಹೋಗುವಾಗ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕೂತದ್ದು ಅವರ ಕಣ್ಣಿಗೆ ಬಿತ್ತು. ಅಕ್ಕಪಕ್ಕದವರಿಗೆ ಕಾಣದಂತೆ ದೊಡ್ಡವರೂ ಆಡಬಹುದಾದ ಪುಟ್ಟ ಆಟ ಯಾಕಿರಬಾರದು ಎನಿಸಿತು. ಒಂದು ದಿನ ಅಧ್ಯಕ್ಷರ ಕಾರು ಓಡಿಸುವ ಕೆಲಸ ಅವರಿಗೆ ಬಿದ್ದಾಗ ದಾರಿಯಲ್ಲಿ ಈ ವಿಷಯ ಪ್ರಸ್ತಾಪಿಸಿದರು. ಅಧ್ಯಕ್ಷರು ಅದನ್ನು ಶಾರ್ಪ್ ಕಂಪನಿಯ ಮುಖ್ಯಸ್ಥರವರೆಗೆ ಒಯ್ದರು. ಕ್ಯಾಲ್ಕುಲೇಟರ್ ಪೈಪೋಟಿಯಿಂದಾಗಿ ಎಲ್‌ಸಿಡಿ ತೆರೆ ಮತ್ತು ಚಿಪ್‌ಗಳ ಬೆಲೆ ಆಗಲೇ ಇಳಿದಿತ್ತು.

1980ರ ಏಪ್ರಿಲ್‌ನಲ್ಲಿ ಗೇಮ್ ಅಂಡ್ ವಾಚ್ ಸರಣಿಯ ಮೊದಲ ಆಟ ಬಾಲ್ ಬಂತು. ಇದರ ತೆರೆ ಇಂದಿನ ಫೋನಿನ ತೆರೆಯಂತಲ್ಲ. ಡಿಜಿಟಲ್ ಗಡಿಯಾರದಲ್ಲಿ ಎಂಟರ ಆಕಾರದ ತುಂಡುಗಳು ಮೊದಲೇ ಇದ್ದು, ಬೇಕಾದವು ಮಾತ್ರ ಕಪ್ಪಾಗುತ್ತವೆ ಅಲ್ಲವೇ? ಹಾಗೆಯೇ ಇಲ್ಲಿ ಬೊಂಬೆಯ ಕೈ, ಚೆಂಡು ಎಲ್ಲವೂ ಪ್ರತಿ ಜಾಗದಲ್ಲೂ ಮೊದಲೇ ಅಚ್ಚಾಗಿರುತ್ತವೆ. ಒಂದಾದ ಮೇಲೊಂದು ಕಪ್ಪಾದಾಗ ಚೆಂಡು ಹಾರಿದಂತೆ ಕಾಣುತ್ತದೆ. ಆಟ ಇಲ್ಲದಾಗ ಅದು ಗಡಿಯಾರ. 1991ರವರೆಗೆ ನಡೆದ ಈ ಸರಣಿ ಒಟ್ಟು 4 ಕೋಟಿ 34 ಲಕ್ಷದಷ್ಟು ಮಾರಾಟವಾಯಿತು.

ಆದರೆ ಕೈಯಲ್ಲಿ ಹಿಡಿದು ಆಡುವ ಮೊದಲ ಎಲೆಕ್ಟ್ರಾನಿಕ್ ಆಟ ಇದಲ್ಲ. ಅಮೆರಿಕದ ಮ್ಯಾಟೆಲ್ ಕಂಪನಿ 1970ರ ದಶಕದಲ್ಲೇ ಕೆಂಪು ಎಲ್‌ಇಡಿ ಚುಕ್ಕೆಗಳು ಓಡುವ ಆಟೊ ರೇಸ್, ಫುಟ್‌ಬಾಲ್ ಆಟಗಳನ್ನು ಮಾರುತ್ತಿತ್ತು. 1979ರಲ್ಲಿ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಮೈಕ್ರೋವಿಷನ್ ತಂದಿತು. ಇದನ್ನು ರೂಪಿಸಿದವರು ಜೇ ಸ್ಮಿತ್. ಕಾರ್ಟ್ರಿಡ್ಜ್ ಬದಲಿಸಿ ಬೇರೆ ಬೇರೆ ಆಟ ಆಡಬಹುದಾದ ಮೊದಲ ಕೈ ಯಂತ್ರ ಅದು, ಗೇಮ್‌ಬಾಯ್‌ಗಿಂತ ಹತ್ತು ವರ್ಷ ಮೊದಲು! ಅದರ ತೆರೆಯಲ್ಲಿ ಇದ್ದದ್ದು 16 ಸಾಲು, ಸಾಲಿಗೆ 16 ಚುಕ್ಕೆ ಮಾತ್ರ. ಅಷ್ಟರಲ್ಲಿ ತೋರಿಸಬಹುದಾದ ಆಟ ಬಹಳ ಕಡಿಮೆ.

ಎಡ ಹೆಬ್ಬೆರಳಿನ ಕೆಳಗಿನ ಕೂಡು ಗುರುತು

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಎರಡು ತೆರೆಯ, ಪುಸ್ತಕದಂತೆ ಮಡಚುವ ಗೇಮ್ ಅಂಡ್ ವಾಚ್‌ಗೆ ತರಬೇಕಿತ್ತು. ಮೂಲ ಆಟ ಅಂಗಡಿಗಳ ದೊಡ್ಡ ಯಂತ್ರದಲ್ಲಿ ಕಡ್ಡಿಯಂಥ ಜಾಯ್‌ಸ್ಟಿಕ್ ಹಿಡಿದು ಆಡುವಂಥದ್ದು. ಎಡಬಲ ಓಡಬೇಕು, ಏಣಿ ಹತ್ತಿ ಇಳಿಯಬೇಕು. ಜೇಬಿಗೆ ಹೋಗುವ ಯಂತ್ರದಲ್ಲಿ ಕಡ್ಡಿ ನಿಲ್ಲಿಸಿದರೆ ಮಡಚಲು ಬರುವುದಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಿಡಿ ಗುಂಡಿ ಇಟ್ಟರೆ ಯಾವುದು ಎಲ್ಲಿದೆ ಎಂದು ಪ್ರತಿ ಸಲ ಕೆಳಗೆ ನೋಡಬೇಕು.

ಯೊಕೊಯಿ ತಂಡದ ಪರಿಹಾರ ಕೂಡು ಗುರುತಿನ ಆಕಾರದ ಒಂದೇ ಗುಂಡಿ. ಅದರ ನಡುವೆ, ಕೆಳಗೆ, ಒಂದು ಪುಟ್ಟ ಆಧಾರ ಇದೆ. ಏತದಂತೆ ಒಂದು ಬದಿ ಒತ್ತಿದರೆ ಎದುರು ಬದಿ ಮೇಲೇಳುತ್ತದೆ. ಹಾಗಾಗಿ ಎಡ ಮತ್ತು ಬಲ ಒಟ್ಟಿಗೆ ಒತ್ತಿಹೋಗುವ ಗೊಂದಲ ಇಲ್ಲ. ಹೆಬ್ಬೆರಳಿಗೆ ಮಧ್ಯ ಎಲ್ಲಿದೆ ಎಂದು ಸ್ಪರ್ಶದಿಂದಲೇ ಗೊತ್ತಾಗುತ್ತದೆ, ಕಣ್ಣು ತೆರೆಯ ಮೇಲೇ ಇರಬಹುದು.

ಇಲ್ಲೂ ಒಂದು ತಕರಾರಿದೆ. ನಾಲ್ಕು ದಿಕ್ಕಿನ ಬಿಡಿ ಗುಂಡಿಗಳು 1976ರ ಬ್ಲಾಕೇಡ್‌ನಲ್ಲೇ ಇದ್ದವು. ಹೆಬ್ಬೆರಳಿನಿಂದ ಒತ್ತುವ ದುಂಡನೆಯ ದಿಕ್ಕಿನ ತಟ್ಟೆ ಮ್ಯಾಟೆಲ್‌ನ ಇಂಟೆಲಿವಿಷನ್ ಯಂತ್ರದಲ್ಲಿ ನಿಂಟೆಂಡೊಗಿಂತ ಮೊದಲೇ ಬಂದಿತ್ತು. ಹೆಬ್ಬೆರಳಿನಿಂದ ದಿಕ್ಕು ತೋರಿಸುವ ಯೋಚನೆ ನಿಂಟೆಂಡೊದ್ದಲ್ಲ, ಇಂದು ನಾವು ಬಳಸುವ ಕೂಡು ಆಕಾರದ ಗುಂಡಿ ಅವರದು. ಇನ್ನೊಂದು ಸಂಗತಿ ಕೇಳಿ: ಈ ಬಗೆಯ ಗುಂಡಿಗೆ 1987ರಲ್ಲಿ ನಿಂಟೆಂಡೊಗೆ ಸಿಕ್ಕ ಅಮೆರಿಕದ ಪೇಟೆಂಟ್‌ನಲ್ಲಿ ಆವಿಷ್ಕರ್ತ ಎಂದು ಇರುವ ಹೆಸರು ಯೊಕೊಯಿ ಅವರದಲ್ಲ, ಇಚಿರೊ ಶಿರಾಯಿ ಎಂಬುವವರದು! ಜಗತ್ತು ಒಬ್ಬರ ಹೆಸರು ನೆನಪಿಟ್ಟಿದೆ, ಕಾಗದದಲ್ಲಿ ಇನ್ನೊಬ್ಬರದಿದೆ, ಹಣೆಪಟ್ಟಿ ಮಾತ್ರ ಕಂಪನಿಯದು.

90ರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ಅಗ್ಗದ ಗೇಮ್ ಯಂತ್ರಗಳಲ್ಲಿ ಬಹಳಷ್ಟು ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಅವುಗಳ ರಿಮೋಟಿನ ಎಡಬದಿಯಲ್ಲಿದ್ದದ್ದು ಇದೇ ಗುಂಡಿ. ಇಂದು ಫೋನಿನ ಗನ್ ಫೈಟ್ ಆಟಗಳಲ್ಲಿ ಎಡ ಹೆಬ್ಬೆರಳು ನಡೆಸುತ್ತದೆ, ಬಲ ಹೆಬ್ಬೆರಳು ಗುಂಡು ಹಾರಿಸುತ್ತದೆ. ಆ ಹಂಚಿಕೆ ನಮ್ಮ ಕೈಗೆ ರೂಢಿಯಾದದ್ದು ಇಂಥ ಯಂತ್ರಗಳಿಂದಲೇ.

ಗೇಮ್‌ಬಾಯ್: ಬಣ್ಣವಿಲ್ಲದ ಯಂತ್ರ ಗೆದ್ದದ್ದು ಹೇಗೆ?

1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಗೇಮ್‌ಬಾಯ್ ಬಂತು. ಬೆಲೆ 12,500 ಯೆನ್. ತೆರೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ, ಹಸಿರು ಮಿಶ್ರಿತ ಬೂದಿಯ ನಾಲ್ಕೇ ನಾಲ್ಕು ಛಾಯೆ. ಹಿಂದಿನಿಂದ ಬೆಳಕು ಇಲ್ಲ. ಚಿಪ್ ಕೂಡ ಆ ಕಾಲಕ್ಕೆ ಹಳೆಯ ಮಾದರಿಯದೇ.

ಅದೇ ವರ್ಷ ಅಟಾರಿ ಕಂಪನಿ ಲಿಂಕ್ಸ್ ತಂದಿತು, ಮರುವರ್ಷ ಸೆಗಾ ಗೇಮ್ ಗಿಯರ್ ತಂದಿತು. ಎರಡಕ್ಕೂ ಬಣ್ಣದ ತೆರೆ, ಹಿಂದಿನಿಂದ ಬೆಳಕು. ಕಾಗದದ ಮೇಲೆ ನೋಡಿದರೆ ಗೇಮ್‌ಬಾಯ್ ಸೋಲಬೇಕಿತ್ತು. ಆದರೆ ಬ್ಯಾಟರಿ ಲೆಕ್ಕ ಬೇರೆಯೇ ಹೇಳುತ್ತಿತ್ತು. ಆ ಎರಡು ಯಂತ್ರಗಳು ಆರು ಪೆನ್ಸಿಲ್ ಸೆಲ್ ನುಂಗಿ ಐದು ಗಂಟೆ ಓಡಿದರೆ ಹೆಚ್ಚು. ಗೇಮ್‌ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಹದಿನೈದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಓಡುತ್ತಿತ್ತು. ಕಾರಣ ಸರಳ. ಎಲ್‌ಸಿಡಿ ತಾನಾಗಿ ಬೆಳಕು ಕೊಡುವುದಿಲ್ಲ, ಅದಕ್ಕೆ ವಿದ್ಯುತ್ ಬೇಕಾಗುವುದೂ ಕಡಿಮೆ. ಹಿಂದೆ ಇಡುವ ದೀಪವೇ ಬ್ಯಾಟರಿ ತಿನ್ನುವುದು. ಫೋನಿನ ಬ್ರೈಟ್‌ನೆಸ್ ಇಳಿಸಿದರೆ ಚಾರ್ಜ್ ಹೆಚ್ಚು ಹೊತ್ತು ಬರುವುದು ನಿಮಗೂ ಗೊತ್ತಲ್ಲ. ಜೊತೆಗೆ ಅಮೆರಿಕದಲ್ಲಿ ಗೇಮ್‌ಬಾಯ್ ಬೆಲೆ ಲಿಂಕ್ಸ್‌ನ ಅರ್ಧದಷ್ಟೇ ಇತ್ತು.

ಹೀಗೆ ಯೋಚಿಸುವುದಕ್ಕೆ ಯೊಕೊಯಿ ಒಂದು ಹೆಸರು ಇಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ ಬಾಡಿದ ತಂತ್ರಜ್ಞಾನಕ್ಕೆ ಅಡ್ಡದಾರಿಯ ಯೋಚನೆ. ಬಾಡಿದ್ದು ಎಂದರೆ ಕೆಟ್ಟದ್ದಲ್ಲ. ಹೊಸತನದ ಹುರುಪು ಇಳಿದು, ಬೆಲೆಯೂ ಇಳಿದು, ತಪ್ಪುಗಳೆಲ್ಲ ಗೊತ್ತಾಗಿರುವಂಥದ್ದು. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆ ಅಕ್ಕಿ ಉದುರಾಗಿ ಬೇಯುತ್ತದೆ ಎಂದು ನಮ್ಮ ಅಡುಗೆಮನೆಗಳಲ್ಲಿ ಹೇಳುವುದಿಲ್ಲವೇ, ಹಾಗೆ. ಅಂಥ ಅಗ್ಗದ ವಸ್ತುವನ್ನು ಯಾರೂ ಬಳಸದ ಕಡೆ ಬಳಸುವುದೇ ಅವರ ದಾರಿ.

ಅಮೆರಿಕದಲ್ಲಿ ಯಂತ್ರದ ಜೊತೆ ಟೆಟ್ರಿಸ್ ಆಟವೂ ಬಂತು. ಅದನ್ನು ಸೃಷ್ಟಿಸಿದವರು ಆಗಿನ ಸೋವಿಯತ್ ಒಕ್ಕೂಟದ ಅಲೆಕ್ಸಿ ಪಜಿತ್ನೋವ್. 90ರ ದಶಕದಲ್ಲಿ ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ, ಇಟ್ಟಿಗೆ ಜೋಡಿಸುವ ಬೂದಿ ತೆರೆಯ ಆಟಿಕೆಗಳು ನೆನಪಿವೆಯೇ? ಅವು ಆಡಿಸುತ್ತಿದ್ದದ್ದು ಇದೇ ಟೆಟ್ರಿಸ್ ಬಗೆಯ ಆಟವನ್ನು. 1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ತಮ್ಮ ಗೇಮ್‌ಬಾಯ್ ಅನ್ನು ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೂ ಒಯ್ದಿದ್ದರು. ಗಲ್ಫ್ ಯುದ್ಧದಲ್ಲಿ ಸುಟ್ಟು ಕರಗಿದ ಹೊರಕವಚದ ಒಂದು ಗೇಮ್‌ಬಾಯ್ ನ್ಯೂಯಾರ್ಕ್‌ನ ನಿಂಟೆಂಡೊ ಮಳಿಗೆಯಲ್ಲಿ ವರ್ಷಗಟ್ಟಲೆ ಪ್ರದರ್ಶನಕ್ಕಿತ್ತು, ಆಗಲೂ ಆಟ ನಡೆಯುತ್ತಲೇ ಇತ್ತು. ಈ ಫಾರ್ವರ್ಡ್ ಮಾತ್ರ ನಿಜ! ಮುಂದೆ ಬಂದ ಗೇಮ್‌ಬಾಯ್ ಕಲರ್ ಸೇರಿ ಒಟ್ಟು ಮಾರಾಟ 11 ಕೋಟಿ 86 ಲಕ್ಷಕ್ಕೂ ಹೆಚ್ಚು.

ಇದೆಲ್ಲ ಯೊಕೊಯಿ ಒಬ್ಬರದೇ ಸಾಧನೆಯೇ? ಅವರ ಕೈಕೆಳಗೆ ಕೆಲಸ ಮಾಡಿದ ಸತೊರು ಒಕಾಡಾ ನಂತರ ನೀಡಿದ ಸಂದರ್ಶನಗಳಲ್ಲಿ ಬೇರೆ ಚಿತ್ರ ಕೊಟ್ಟಿದ್ದಾರೆ. ಯೊಕೊಯಿ ಮನಸ್ಸಿನಲ್ಲಿದ್ದದ್ದು ಗೇಮ್ ಅಂಡ್ ವಾಚ್‌ನಂಥ ಸರಳ ಆಟಿಕೆ. ಬೇರೆ ಕಂಪನಿಗಳೂ ಆಟ ಬರೆಯಬಹುದಾದ, ದೀರ್ಘಕಾಲ ಬಾಳುವ ಯಂತ್ರ ಬೇಕೆಂದು ತಾವು ಹಟ ಹಿಡಿದದ್ದಾಗಿ ಒಕಾಡಾ ಹೇಳಿದ್ದಾರೆ. ಹಾಗಾಗಿ ಗೇಮ್‌ಬಾಯ್ ಪಿತಾಮಹ ಎಂಬ ಪಟ್ಟವನ್ನು ಯೊಕೊಯಿ ಒಬ್ಬರಿಗೇ ಕಟ್ಟುವುದು ಅವರ ತಂಡಕ್ಕೆ ಅನ್ಯಾಯ.

ಸೋತ ಕನ್ನಡಕ

1995ರಲ್ಲಿ ಯೊಕೊಯಿ ವರ್ಚುವಲ್ ಬಾಯ್ ತಂದರು. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕಣ್ಣಿಟ್ಟು ನೋಡಿದರೆ ಆಳ ಕಾಣುವ ಯಂತ್ರ. ಇದರ ತೆರೆಯ ತಂತ್ರ ಅಮೆರಿಕದ ರಿಫ್ಲೆಕ್ಷನ್ ಟೆಕ್ನಾಲಜಿ ಎಂಬ ಕಂಪನಿಯದು. ಪ್ರತಿ ಕಣ್ಣಿಗೂ ಒಂದೇ ಕಂಬದಲ್ಲಿ ಸಾಲಾಗಿ ಕೆಂಪು ಎಲ್‌ಇಡಿಗಳು. ಅವುಗಳ ಎದುರು ಅತಿ ವೇಗವಾಗಿ ಅಲುಗುವ ಕನ್ನಡಿ. ಕನ್ನಡಿ ಆ ಒಂದು ಸಾಲನ್ನು ಅಡ್ಡಕ್ಕೆ ಹರಡಿದಾಗ ಕಣ್ಣಿಗೆ ಪೂರ್ಣ ಚಿತ್ರ ಕಾಣುತ್ತದೆ. ಎರಡೂ ಕಣ್ಣಿಗೆ ತುಸು ಬೇರೆ ಚಿತ್ರ ತೋರಿಸಿದರೆ ಮಿದುಳು ಅದನ್ನು ಆಳವೆಂದು ಓದುತ್ತದೆ. ಕೆಂಪೇ ಯಾಕೆ ಎಂದರೆ ಕೆಂಪು ಎಲ್‌ಇಡಿ ಅಗ್ಗ. ಪ್ರಖರ ನೀಲಿ ಎಲ್‌ಇಡಿ ಆಗಷ್ಟೇ ಬಂದಿದ್ದು ದುಬಾರಿಯಾಗಿತ್ತು.

ಯಂತ್ರ ಸೋತಿತು. ಮಾರಾಟವಾದದ್ದು 7 ಲಕ್ಷ 70 ಸಾವಿರದಷ್ಟು, ಬಂದ ಆಟಗಳು 22. ವರ್ಷ ತುಂಬುವ ಮೊದಲೇ ಮಾರಾಟ ನಿಂತಿತು. ಬಗ್ಗಿ ಕೂತು ಕುತ್ತಿಗೆ ನೋವು, ತಲೆನೋವು ಎಂಬ ದೂರುಗಳು ಬಂದವು. ಏಳು ವರ್ಷದೊಳಗಿನ ಮಕ್ಕಳು ಬಳಸಬಾರದು ಎಂದು ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಆಟದ ನಡುವೆ ತಾನಾಗಿ ನಿಂತು ವಿಶ್ರಾಂತಿ ನೆನಪಿಸುವ ವ್ಯವಸ್ಥೆಯೂ ಇತ್ತು. ಇಂಥ ತೆರೆಗಳಲ್ಲಿ ಕಣ್ಣುಗಳು ಹತ್ತಿರದ ವಸ್ತುವಿನತ್ತ ತಿರುಗಿದರೂ ಫೋಕಸ್ ಒಂದೇ ದೂರದಲ್ಲಿ ನಿಂತಿರುತ್ತದೆ. ಈ ಹೊಂದಾಣಿಕೆ ತಪ್ಪುವುದರಿಂದ ಕಣ್ಣು ದಣಿಯುತ್ತದೆ. ಇಂದಿನ ವಿಆರ್ ಕನ್ನಡಕಗಳಲ್ಲೂ ಇದೇ ಕಾಟ ಇದೆ. ಮಕ್ಕಳಿಗೆ ಅವನ್ನು ಕೊಡುವ ಮೊದಲು ಪೆಟ್ಟಿಗೆಯ ಮೇಲಿನ ವಯಸ್ಸಿನ ಮಿತಿ ಓದಿ, ನಡುನಡುವೆ ತೆಗೆಸಿ.

ಕೆಲಸದಿಂದ ಓಡಿಸಿದರೇ?

ಇದೇ ಆ ಫಾರ್ವರ್ಡ್‌ನ ಮುಖ್ಯ ಮಾತು. ದಾಖಲೆ ಹೇಳುವುದು ಇಷ್ಟು: ಯೊಕೊಯಿ 1996ರ ಆಗಸ್ಟ್‌ನಲ್ಲಿ, 31 ವರ್ಷಗಳ ನಂತರ, ತಾವಾಗಿ ರಾಜೀನಾಮೆ ಕೊಟ್ಟರು. ವರ್ಚುವಲ್ ಬಾಯ್ ಸೋಲಿನಿಂದ ಹೊರಬಂದೆ ಎಂಬ ಮಾತನ್ನು ಅವರೇ ಬಹಿರಂಗವಾಗಿ ಅಲ್ಲಗಳೆದಿದ್ದರು. ಐವತ್ತರ ಆಸುಪಾಸಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಆಸೆ ಅವರಿಗೆ ಮೊದಲಿನಿಂದ ಇತ್ತು. ಸೋಲಿನ ಬೆನ್ನಿಗೇ ಹೊರಟರೆ ಓಡಿಹೋದಂತೆ ಕಾಣುತ್ತದೆಂದು ನಿಂತು, ತೆಳ್ಳಗಿನ ಗೇಮ್‌ಬಾಯ್ ಪಾಕೆಟ್ ಮಾಡಿ ಮುಗಿಸಿದರು. ಅದು 1996ರ ಜುಲೈನಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬಂದಿದ್ದ ಪೋಕೆಮಾನ್ ಆಟ ಹಳೆಯ ಗೇಮ್‌ಬಾಯ್‌ಗೆ ಮರುಹುಟ್ಟು ಕೊಟ್ಟಿತ್ತು. ಸೋಲು ಅವರನ್ನು ನೋಯಿಸಲಿಲ್ಲ ಎಂದಲ್ಲ. ಆದರೆ ಓಡಿಸಿದರು, ಬೀದಿಪಾಲಾದರು ಎಂಬುದು ಸುಳ್ಳು.

ಅವರು ಕ್ಯೋಟೊದಲ್ಲೇ ಕೊಟೊ ಎಂಬ ಪುಟ್ಟ ಕಂಪನಿ ಕಟ್ಟಿದರು. ಬಂಡಾಯ್ ಕಂಪನಿಗಾಗಿ ಹೊಸ ಕೈ ಯಂತ್ರವೊಂದರ ಕೆಲಸ ಶುರುವಾಯಿತು, ಗೇಮ್‌ಬಾಯ್‌ಗೇ ಎದುರಾಳಿ!

ಹೆದ್ದಾರಿಯ ಆ ಸಂಜೆ

1997ರ ಅಕ್ಟೋಬರ್ 4. ಜಪಾನಿನ ಇಶಿಕಾವಾ ಪ್ರಾಂತದ ಹೊಕುರಿಕು ಎಕ್ಸ್‌ಪ್ರೆಸ್‌ವೇಯಲ್ಲಿ ಯೊಕೊಯಿ ಪ್ರಯಾಣಿಸುತ್ತಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಸಣ್ಣ ಅಪಘಾತ. ಏನಾಯಿತೆಂದು ನೋಡಲು ಅವರು ಕೆಳಗಿಳಿದರು. ಹಿಂದಿನಿಂದ ಬಂದ ಇನ್ನೊಂದು ಕಾರು ಅವರಿಗೆ ಬಡಿಯಿತು. ವಯಸ್ಸು 56.

ಇದರಲ್ಲಿ ನಿಗೂಢ ಏನೂ ಇಲ್ಲ. ಇದು ಮರುಡಿಕ್ಕಿ, ನಮ್ಮ ಹೆದ್ದಾರಿಗಳಲ್ಲೂ ಜೀವ ತೆಗೆಯುವ ಅಪಘಾತ. ಮೊದಲ ಡಿಕ್ಕಿಯಲ್ಲಿ ಬದುಕಿದವರು ಗಾಡಿಗೆ ಏನಾಯಿತೆಂದು ನೋಡುತ್ತಾ ರಸ್ತೆಯಲ್ಲಿ ನಿಂತಾಗ ಎರಡನೆಯದು ಬರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಬರುತ್ತದೆ. ನಿಂತ ಗಾಡಿ ಎಂದು ಚಾಲಕನಿಗೆ ಅರ್ಥವಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೆದ್ದಾರಿಯಲ್ಲಿ ಗಾಡಿ ನಿಂತರೆ ಹಜಾರ್ಡ್ ಲೈಟ್ ಹಾಕಿ, ವಾಹನಗಳು ಬರುತ್ತಿಲ್ಲ ಎಂದು ನೋಡಿಕೊಂಡು ಎಡಬದಿಯಿಂದ ಇಳಿದು, ತಡೆಬೇಲಿಯ ಆಚೆ ನಿಂತು, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಬಂಪರ್ ಎಷ್ಟು ತಗ್ಗಿದೆ ಎನ್ನುವುದನ್ನು ಆಮೇಲೆ ನೋಡಬಹುದು.

ಯೊಕೊಯಿ ಶುರುಮಾಡಿದ್ದ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ 1999ರ ಮಾರ್ಚ್‌ನಲ್ಲಿ ಬಂತು. ಬೆಲೆ 4,800 ಯೆನ್. ಒಂದೇ ಒಂದು ಪೆನ್ಸಿಲ್ ಸೆಲ್‌ನಲ್ಲಿ 30 ಗಂಟೆಯ ಆಸುಪಾಸು ಓಡುತ್ತಿತ್ತು. ಅದರ ಜೊತೆ ಬಂದ ಗೆರೆ ಜೋಡಿಸುವ ಆಟಕ್ಕೆ ಅವರ ಹೆಸರನ್ನೇ ಇಟ್ಟರು: ಗುನ್ಪೇ. 2003ರಲ್ಲಿ ಅಂತರರಾಷ್ಟ್ರೀಯ ಗೇಮ್ ಡೆವಲಪರ್‌ಗಳ ಸಂಘ ಅವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆ ಪ್ರಶಸ್ತಿ ನೀಡಿತು.

ಹಾಗಾದರೆ ಮೊದಲು ಯಾರು?

ಲೆಕ್ಕ ಹೀಗೆ ನಿಲ್ಲುತ್ತದೆ:

ಮನೆಯ ಟಿವಿ ಗೇಮ್: ಮಾರುಕಟ್ಟೆಗೆ ಮೊದಲು ತಂದದ್ದು ಮ್ಯಾಗ್ನಾವಾಕ್ಸ್, 1972. ಯೋಚನೆ ರಾಲ್ಫ್ ಬೇರ್ ಅವರದು.

ಟಿವಿ ಗೇಮ್‌ನಲ್ಲಿ ಬದಲಿಸುವ ಚಿಪ್ ಕಾರ್ಟ್ರಿಡ್ಜ್: ಅಮೆರಿಕದ ಫೇರ್‌ಚೈಲ್ಡ್ ಕಂಪನಿ, 1976. ಆ ತಂಡದ ಮುಂದಾಳು ಜೆರ್ರಿ ಲಾಸನ್.

ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಆಟ: ನಿಂಟೆಂಡೊಗಿಂತ ಮೊದಲು ಮ್ಯಾಟೆಲ್.

ಕಾರ್ಟ್ರಿಡ್ಜ್ ಬದಲಿಸುವ ಕೈ ಯಂತ್ರ: ಮಿಲ್ಟನ್ ಬ್ರ್ಯಾಡ್ಲಿ, 1979.

ಕೂಡು ಆಕಾರದ ಗುಂಡಿ: ನಿಂಟೆಂಡೊ, 1982. ತಂಡ ಯೊಕೊಯಿ ಅವರದು, ಪೇಟೆಂಟ್ ಕಾಗದದಲ್ಲಿ ಹೆಸರು ಶಿರಾಯಿ ಅವರದು.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಮೊದಲು ಎಂದರೆ ಯೋಚಿಸಿದ್ದೋ, ಮಾಡಿದ್ದೋ, ಮಾರಿದ್ದೋ? ಕಂಪನಿಯ ಹೆಸರಿನ ಹಿಂದೆ ಯಾವ ವ್ಯಕ್ತಿ ಇದ್ದರು? ಅವರ ಜೊತೆ ಇನ್ಯಾರಿದ್ದರು? ಅದಕ್ಕಿಂತ ಹಿಂದಿನ ವರ್ಷದಲ್ಲಿ ಇದೇ ಬಗೆಯದು ಬೇರೆ ಕಡೆ ಇತ್ತೇ? ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಡದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.

ಯೊಕೊಯಿ ಮಡಚು ಪಟ್ಟಿಯನ್ನಾಗಲಿ, ಎಲ್‌ಸಿಡಿಯನ್ನಾಗಲಿ, ಬೆಳಕಿನ ಬಂದೂಕನ್ನಾಗಲಿ, ಕೈ ಯಂತ್ರವನ್ನಾಗಲಿ ಕಂಡುಹಿಡಿಯಲಿಲ್ಲ. ಬೇರೆಯವರು ಕಂಡುಹಿಡಿದು, ಹಳತೆಂದು ಬದಿಗಿಟ್ಟ ವಸ್ತುಗಳನ್ನು ಮಗುವಿನ ಕೈಗೆಟುಕುವ ಬೆಲೆಗೆ ಇಳಿಸಿದರು. ಅವರ ಬಗ್ಗೆ ಫಾರ್ವರ್ಡ್ ಮಾಡಲೇಬೇಕೆಂದರೆ ಇಷ್ಟನ್ನು ಮಾಡಿ. ಇದು ನಿಜ, ಮತ್ತು ಇದೇನೂ ಸಣ್ಣ ಸಾಧನೆಯಲ್ಲ.